ಬಾತುಕೋಳಿಯ ಚಿತ್ರಕ್ಕೆ ಎಷ್ಟು ದುಡ್ಡು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಬ್ಬ ನಿವೃತ್ತ ಮಾಸ್ಟ್ರು ಬರೆದಿದ್ದಾರೆ: “ಮಗಳ ಮನೆಒಕ್ಕಲಿನ ರಾತ್ರಿ ನಾಲ್ಕೈದು ಆಪ್ತರು ಉಳಿಯುತ್ತಾರೆ. ವೊಡ್ಕಾ ಬೇಕಂತೆ. ನಾಲ್ಕು ಸಾವಿರಕ್ಕಿಂತ ಕಮ್ಮಿಯದ್ದೆಲ್ಲ ಸೀಮೆಎಣ್ಣೆ ಅನ್ನುತ್ತಾನೆ ದುಬೈಯ ಅಳಿಯ. ನನ್ನ ಪಿಂಚಣಿಗೆ ಅದು ಹೊಂದುವುದಿಲ್ಲ. ಅಗ್ಗದ್ದು ತಂದರೆ ಮರ್ಯಾದೆ ಹೋದೀತೇ?”

ಮಾಸ್ಟ್ರೇ, ನೀವು ಇದನ್ನು ಹೆಂಡತಿಗೆ ಗೊತ್ತಾಗದ ಹಾಗೆ ಇನ್‌ಲ್ಯಾಂಡ್ ಪತ್ರದಲ್ಲಿ ಬರೆದದ್ದು ನೋಡಿ ನಗು ಬಂತು. ಆದರೆ ಪ್ರಶ್ನೆ ಒಳ್ಳೆಯದು. ವರ್ಷಗಳಿಂದ ನನ್ನ ಹೊಟ್ಟೆಯೊಳಗೇ ಇದ್ದದ್ದು.

ಅಳಿಯನ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಏನೂ ಬೆರೆಸದೆ ಹಾಗೇ ಕುಡಿಯುವವರಿಗೆ, ನಾಲಿಗೆ ಚುರುಕಾಗಿದ್ದರೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿದೀತು. ಗೋಧಿಯದ್ದು ಸ್ವಲ್ಪ ಮೆದು, ರೈ ಧಾನ್ಯದ್ದು ಸ್ವಲ್ಪ ಖಾರ ಅನ್ನುತ್ತಾರೆ. ಒಪ್ಪಿದೆ. ಅಷ್ಟೇ.

ಈಗ ವೊಡ್ಕಾ ಅಂದರೆ ಏನು ನೋಡಿ. ಧಾನ್ಯವೋ ಕಾಕಂಬಿಯೋ ಹುಳಿ ಬರಿಸಿ, 96 ಶೇಕಡಾದ ಹತ್ತಿರ ಬರುವವರೆಗೆ ಬಟ್ಟಿ ಇಳಿಸಿ, ಆಮೇಲೆ ನೀರು ಸೇರಿಸುವುದು. ನಮ್ಮ ದೇಶದ ಬಾಟಲಿಯಲ್ಲಿ ಸಾಮಾನ್ಯವಾಗಿ 42.8 ಅಂತ ಇರುತ್ತದೆ. 750 ಮಿಲಿಲೀಟರಿನಲ್ಲಿ ಮದ್ಯಸಾರ 321. ಮಿಕ್ಕದ್ದು ನೀರೇ ಅಲ್ವಾ? ವಿಸ್ಕಿಯ ಹಾಗೆ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತು ಬಣ್ಣ, ವಾಸನೆ ಹಿಡಿಯುವ ಕೆಲಸವೂ ಇಲ್ಲ. ಅಮೆರಿಕದ ಸರಕಾರಿ ನಿಯಮದಲ್ಲಿ 2020ರ ತನಕ ವೊಡ್ಕಾಕ್ಕೆ ಇದ್ದ ವ್ಯಾಖ್ಯೆಯೇ ತಮಾಷೆ: ವಿಶೇಷ ಗುಣ, ವಾಸನೆ, ರುಚಿ, ಬಣ್ಣ ಇಲ್ಲದ್ದು. ಏನೂ ಇಲ್ಲದೆ ಇರುವುದೇ ಗುಣವಾದರೆ, ಜಾಸ್ತಿ ದುಡ್ಡು ಕೊಟ್ಟು ತರುವುದು ಏನನ್ನು?

‘ಐದು ಸಲ ಬಟ್ಟಿ ಇಳಿಸಿದ್ದು’ ಅಂತ ಬಂಗಾರದ ಅಕ್ಷರದಲ್ಲಿ ಬರೆದಿರುತ್ತಾರೆ. ಈಗಿನ ಕಾರ್ಖಾನೆಯಲ್ಲಿ ಬಟ್ಟಿ ಇಳಿಯುವುದು ಎತ್ತರದ ಕಂಬದೊಳಗೆ. ಅದರಲ್ಲಿ ಒಂದರ ಮೇಲೊಂದು ತಟ್ಟೆಗಳು. ಒಂದೊಂದು ತಟ್ಟೆಯಲ್ಲೂ ಆವಿ ಏಳುವುದು, ತಣಿಯುವುದು, ಮತ್ತೆ ಏಳುವುದು ನಡೆದೇ ಇರುತ್ತದೆ. ಹಾಗಿರುವಾಗ ಐದು ಅನ್ನುವ ಲೆಕ್ಕಕ್ಕೆ ಏನರ್ಥ?

ಬಾಟಲಿಯ ಮೇಲೆ ಬಾತುಕೋಳಿಯ ಚಿತ್ರ ಇರುವ ಗ್ರೇ ಗೂಸ್ ವೊಡ್ಕಾದ ಕತೆ ಕೇಳಿ. ಸಿಡ್ನಿ ಫ್ರಾಂಕ್ ಅನ್ನುವ ಅಮೆರಿಕದ ವ್ಯಾಪಾರಿ 1997ರಲ್ಲಿ ಅದನ್ನು ಪೇಟೆಗೆ ಬಿಟ್ಟ. ಫ್ರಾನ್ಸಿನಲ್ಲಿ ಮಾಡಿಸಿದ, ಯಾಕೆಂದರೆ ಫ್ರಾನ್ಸ್ ಅಂದಕೂಡಲೇ ಅತ್ತರು, ವೈನು, ಶ್ರೀಮಂತಿಕೆ ನೆನಪಾಗುತ್ತದೆ. ಆಗ ದುಬಾರಿ ಅನಿಸಿಕೊಂಡಿದ್ದ ಅಬ್ಸಲ್ಯೂಟ್‌ಗಿಂತಲೂ ಎಷ್ಟೋ ಮೇಲೆ ಬೆಲೆ ಇಟ್ಟ. ಬೆಲೆಯೇ ಜಾಹೀರಾತು. 2004ರಲ್ಲಿ ಅದನ್ನು ಬಕಾರ್ಡಿ ಅನ್ನುವ ಮದ್ಯದ ಕಂಪೆನಿಗೆ ಮಾರಿದ್ದು 200 ಕೋಟಿ ಡಾಲರಿಗೂ ಜಾಸ್ತಿಗೆ. ಮರುವರ್ಷವೇ ನ್ಯೂಯಾರ್ಕ್ ಟೈಮ್ಸ್‌ನವರು 21 ವೊಡ್ಕಾಗಳನ್ನು ಹೆಸರು ಮುಚ್ಚಿಟ್ಟು ರುಚಿ ನೋಡಿದರು. ಹೋಲಿಕೆಗೆ ಇರಲಿ ಅಂತ ನಡುವೆ ಸೇರಿಸಿದ್ದ ಅಗ್ಗದ ಸ್ಮಿರ್ನಾಫ್ ಮೊದಲ ಸ್ಥಾನಕ್ಕೆ ಬಂತು!

ನಾವೂ ನೀರ್ಚಾಲಿನ ಗೆಳೆಯನ ಚಾವಡಿಯಲ್ಲಿ ಒಮ್ಮೆ ಇದನ್ನು ಮಾಡಿದ್ದೆವು. ಮೂರು ಸ್ಟೀಲ್ ಲೋಟ, ಅಡಿಯಲ್ಲಿ ಅಂಟಿಸಿದ ಬಸ್ ಟಿಕೇಟಿನ ಚೂರು, ಚೂರಿನ ಮೇಲೆ ಪೆನ್ಸಿಲಿನಲ್ಲಿ ನಂಬರು. ಗಲ್ಫಿನ ಬಾಟಲಿ ತಂದವನು ಕಣ್ಣು ಮುಚ್ಚಿ, ಗಂಟಲಲ್ಲಿ ಇಳಿಸಿ, “ಇದೇ ನೋಡಿ, ರೇಷ್ಮೆ!” ಅಂದ. ಲೋಟ ತಿರುಗಿಸಿದರೆ ಚೂರು ನಂಬರು ಎರಡು, ಕೇರಳ ಸರಕಾರದ ಮದ್ಯದಂಗಡಿ ಬೆವ್‌ಕೋ ಕ್ಯೂನಲ್ಲಿ ನಿಂತು ತಂದ ಅಗ್ಗದ್ದು. ಸರಿಯಾಗಿ ಹೇಳಿದವನು ಒಬ್ಬನೇ, ಅಡಿಗೆಯವನು. ಅವನು ಕುಡಿಯುವವನೇ ಅಲ್ಲ, ಸುಮ್ನೆ ಮೂಸಿ ಹೇಳಿದ.

ಹಾಗಾಗಿ ನೀವೂ ಮೂಸಿ. ಒಂದು ಚಮಚಕ್ಕೆ ಒಂದು ಚಮಚ ನೀರು, ಐಸ್ ಬೇಡ, ಯಾಕೆಂದರೆ ತಣ್ಣಗಾದರೆ ದೋಷವೆಲ್ಲ ಮುಚ್ಚಿಹೋಗುತ್ತದೆ. ಉಗುರುಬಣ್ಣದ ವಾಸನೆ ಬಂದರೆ ಬಿಟ್ಟುಬಿಡಿ. ಲೇಬಲ್ಲಿನಲ್ಲಿ ಧಾನ್ಯದ್ದು ಅಂತ ಇದ್ದು ಬೆಲೆ ಮಧ್ಯಮವಾಗಿದ್ದರೆ ಸಾಕು. ನಿಂಬೆ ಸೋಡಾ, ಒಂದು ಗಾಂಧಾರಿ ಮೆಣಸು ಸೀಳಿ ಹಾಕಿದ ಮೇಲೆ ದುಬೈಯ ಶೇಖನೂ ಕಂಡುಹಿಡಿಯಲಾರ. ಆದರೆ ಅಗ್ಗದ್ದು ಅಂದರೆ ಲೇಬಲ್ ಇಲ್ಲದ ಕಳ್ಳಮಾಲು ಅಂತ ಅರ್ಥ ಅಲ್ಲ. 2024ರ ಜೂನಿನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಮೆಥನಾಲ್ ಅನ್ನುವ ವಿಷ ಬೆರೆತ ಕಳ್ಳಬಟ್ಟಿ 60ಕ್ಕೂ ಜಾಸ್ತಿ ಜನರನ್ನು ಕೊಂದಿತು. ತಲಪಾಡಿ ಗಡಿ ದಾಟಿಸಿ ತರುವ ಯೋಚನೆಯೂ ಬೇಡ, ಕರ್ನಾಟಕದ ಸೀಲು ಕಂಡರೆ ಅಬಕಾರಿಯವರು ನಿಮ್ಮ ನಿವೃತ್ತಿ ನೋಡುವುದಿಲ್ಲ. ಕೇರಳದಲ್ಲಿ ತೆರಿಗೆ 200 ಶೇಕಡಾ ದಾಟಿದೆ, ಗೊತ್ತು. ಅದಕ್ಕೇ ಅದರ ಮೇಲೆ ಬಾತುಕೋಳಿಯ ಚಿತ್ರಕ್ಕೂ ಕೊಡಬೇಡಿ ಅನ್ನುವುದು.

ನನಗೆ ಉರಿಯುವುದು ಬೇರೆಯೇ. ಏಪ್ರಿಲಿನಲ್ಲಿ ನಮ್ಮ ಗುಡ್ಡಕ್ಕೆ ಬನ್ನಿ. ಬೀಜ ತಿರುಪಿ ತೆಗೆದು ಬಿಸಾಡಿದ ಗೇರುಹಣ್ಣು ಕಾಲಿಗೆ ಅಂಟುತ್ತದೆ, ನೊಣ ಮುತ್ತಿ, ಹುಳಿ ವಾಸನೆ ಮನೆ ತನಕ. ಅದೇ ಹಣ್ಣಿನ ಫೆನ್ನಿಗೆ ಗೋವಾದವರು 2009ರಲ್ಲಿ ಭೌಗೋಳಿಕ ಗುರುತು ಪಡೆದರು. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ತೆಂಗಿನ ಹೊಂಬಾಳೆಯಿಂದ ಹುಳಿಯಾಗದ ಕಲ್ಪರಸ ಇಳಿಸುವ ಕ್ರಮ ತೋರಿಸಿಕೊಟ್ಟರು. ಮನೆಒಕ್ಕಲಿಗೆ ಅದನ್ನು ಕೊಡುವವರು ಎಷ್ಟು ಜನ? ಬಾಟಲಿ ಚಂದ ಇಲ್ಲ ಅನ್ನುತ್ತಾರೆ.

ಈ ಪತ್ರಿಕೆಗೂ ಅದೇ ಗತಿ. “ಆರ್ಟ್ ಪೇಪರ್ ಹಾಕಿ, ಆಗ ಟೀಪಾಯಿ ಮೇಲೆ ಇಡಬಹುದು” ಅಂತ ಓದುಗರೊಬ್ಬರು ಸಲಹೆ ಕೊಟ್ಟರು. ಹೋದ ಸಂಚಿಕೆಯ ಕತೆ ಓದಿದಿರಾ ಅಂತ ಕೇಳಿದೆ. ನಕ್ಕರು.

ಅಳಿಯ ತಂದರೆ ಬೇಡ ಅನ್ನಬೇಡಿ. ಖಾಲಿ ಬಾಟಲಿ ಮಾತ್ರ ತೊಳೆದಿಡಿ, ಗಾಜು ದಪ್ಪ, ಮುಚ್ಚಳ ಗಟ್ಟಿ. ನಮ್ಮನೆಯಲ್ಲಿ ಅಂಥದೊಂದರಲ್ಲಿ ಜೇನು ಇದೆ. ಮತ್ತೆ, ಮಾಸ್ಟ್ರೇ, ಉಳಿದ ದುಡ್ಡಿನಲ್ಲಿ ಒಂದು ಪಾಲು ಇತ್ತ ಕಳಿಸಿ. ನಿಮ್ಮ ಚಂದಾ ಮುಗಿದು ಎರಡು ಸಂಚಿಕೆ ಆಯಿತು.