ರಾನಿಟಿಡಿನ್ 150 ಈಗ ಹಿಡಿಯುತ್ತಿಲ್ಲ, 300ಕ್ಕೆ ಏರಿಸಲಾ, ಇಲ್ಲಾ ಪ್ಯಾಂಟೊಪ್ರಜೋಲ್ ಶುರು ಮಾಡಲಾ?

ಎರಡೂ ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಮಾತ್ರೆಗಳೇ, ಸದ್ಯಕ್ಕೆ ಎರಡೂ ಬೇಡ. ನಾಳೆ ಬೆಳಿಗ್ಗೆ ಮಲದ ಬಣ್ಣ ನೋಡಿ, ಹಾಗೇ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ನಿಮ್ಮ ಪ್ರಶ್ನೆಯ ಕೊನೆಗೆ "ಸೊಂಟನೋವಿಗೆ ಡೈಕ್ಲೋಫೆನಾಕ್ ನುಂಗುತ್ತೇನೆ, ಇತ್ತೀಚೆಗೆ ಸುಸ್ತು ಜಾಸ್ತಿ" ಅಂತ ಒಂದು ಸಾಲು ಬರೆದಿದ್ದೀರಿ. ನನ್ನ ಕಣ್ಣು ನಿಂತಿದ್ದು ಆ ಸಾಲಿನ ಮೇಲೇ. ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಇದ್ದೆ.

ದಾವಣಗೆರೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಮದುವೆ ಸೀಸನ್ ಬಂದರೆ ಬೆಳಿಗ್ಗೆ ಒಂಬತ್ತಕ್ಕೆ ಮಷಿನ್ ಮುಂದೆ ಕೂತವಳು ಏಳುವುದು ರಾತ್ರಿ ಹತ್ತಕ್ಕೆ. ಸೊಂಟ ಹಿಡಿದುಕೊಳ್ಳುತ್ತಿತ್ತು. ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ಕೇಳಿದರೆ ಹುಡುಗ ಜೊತೆಗೆ ಒಂದು ರಾನಿಟಿಡಿನ್ ಸ್ಟ್ರಿಪ್ಪನ್ನೂ ಇಡುತ್ತಿದ್ದ. "ಹೊಟ್ಟೆಗೆ ಏನೂ ಆಗಲ್ಲ ಅಕ್ಕಾ, ಇದನ್ನ ನುಂಗಿ" ಅನ್ನುತ್ತಿದ್ದ. ನಿಜಕ್ಕೂ ಆರಾಮ ಆಗುತ್ತಿತ್ತು. ಹನ್ನೊಂದು ಗಂಟೆಗೆ ಬರುತ್ತಿದ್ದ ಉರಿ, ಹುಳಿ ತೇಗು ಎಲ್ಲಾ ನಿಂತುಹೋಯಿತು. ಅಲ್ಲಿಗೆ ನಾನು ಹೊಟ್ಟೆಯ ಬಗ್ಗೆ ಯೋಚನೆ ಮಾಡುವುದನ್ನೇ ಬಿಟ್ಟೆ.

ಸ್ವಲ್ಪ ದಿನಕ್ಕೆ ನಿಮ್ಮ ಹಾಗೇ ಆಯಿತು. ಮಾತ್ರೆ ಹಿಡಿಯಲಿಲ್ಲ. ಈ ಗುಂಪಿನ ಮಾತ್ರೆಗಳ ಗುಣವೇ ಅದು ಅಂತ ನನಗೆ ಆಮೇಲೆ ಗೊತ್ತಾಯಿತು. ಒಂದೆರಡು ವಾರ ಬಿಡದೆ ದಿನಾ ತೆಗೆದುಕೊಂಡರೆ ದೇಹ ಒಗ್ಗಿಕೊಂಡು ಆಸಿಡ್ ಮತ್ತೆ ಏರುತ್ತದೆ. ನಾನು ಬೆಳಿಗ್ಗೆ ಒಂದು, ರಾತ್ರಿ ಒಂದು ಮಾಡಿದೆ. ಆದರೂ ನನ್ನನ್ನು ಮುಳುಗಿಸಿದ ತಪ್ಪು ಅದಲ್ಲ.

ತಪ್ಪು ಯಾವುದು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಆದರೂ ಓದಿ. ಅಂಗಡಿಯ ಎಂಟು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಪಕ್ಕದ ಮನೆಯವರು "ರಕ್ತ ಕಡಿಮೆ ಇರಬೇಕು" ಅಂದರು. ನಾನೇ ಹೋಗಿ ಐರನ್ ಮಾತ್ರೆ ತಂದೆ. ಐರನ್ ತಿಂದರೆ ಮಲ ಕಪ್ಪಗೆ ಹೋಗುತ್ತದೆ ಅಂತ ಬಸಿರಿನಲ್ಲಿದ್ದಾಗಲೇ ಗೊತ್ತಿತ್ತು. ಹಾಗೇ ಆಯಿತು, ಹಸಿರು ಬೆರೆತ ಕಪ್ಪು, ಗಟ್ಟಿ. ಹೆದರಲಿಲ್ಲ. ಸುಮಾರು ಮೂರು ವಾರ ಕಳೆದ ಮೇಲೆ ಅದು ಬದಲಾಯಿತು. ಡಾಂಬರಿನ ಹಾಗೆ ಹೊಳೆಯುವ ಕಪ್ಪು, ಅಂಟು ಅಂಟು. ಒಂದು ಚೊಂಬು ನೀರಿಗೆ ಹೋಗುತ್ತಿರಲಿಲ್ಲ, ಬಕೆಟ್ ನೀರು ಸುರಿದು ಬ್ರಶ್ಶಿನಲ್ಲಿ ತಿಕ್ಕಬೇಕಿತ್ತು. ವಾಸನೆ ಬೇರೆಯೇ ಇತ್ತು, ಮನೆಯಲ್ಲಿ ಬೇರೆಯವರೂ ಕೇಳುವಷ್ಟು. ಎಲ್ಲವನ್ನೂ ಗಮನಿಸಿದ್ದೆ. ಬ್ರಶ್ ಹಿಡಿದು ತಿಕ್ಕಿದ್ದು ನಾನೇ ಅಲ್ವಾ? ಆದರೂ "ಐರನ್ ಮಾತ್ರೆ" ಅಂತ ಒಂದು ಕಾರಣ ಕೈಯಲ್ಲಿ ಇದ್ದಿದ್ದಕ್ಕೆ ಇನ್ನೊಂದು ಕಾರಣ ಹುಡುಕಲಿಲ್ಲ. ಹೊಟ್ಟೆಯಲ್ಲಿ ಹುಣ್ಣು ಇದ್ದರೆ ನೋವು ಇರಬೇಕು, ನನಗೆ ನೋವಿಲ್ಲವಲ್ಲ ಅನ್ನುವ ಧೈರ್ಯ ಬೇರೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಆ ಹುಣ್ಣಿನ ನೋವನ್ನೂ ಅದೇ ಮುಚ್ಚುತ್ತದೆ, ರಾನಿಟಿಡಿನ್ ಉರಿಯನ್ನು ತಣಿಸುತ್ತದೆ, ಹುಣ್ಣು ಸದ್ದಿಲ್ಲದೆ ರಕ್ತ ಸುರಿಸುತ್ತದೆ. ಐರನ್ನಿನ ಕಪ್ಪು ಬೇರೆ, ರಕ್ತದ ಕಪ್ಪು ಬೇರೆ. ರಕ್ತ ಹೊಟ್ಟೆಯ ಆಸಿಡ್ ತಾಗಿ, ಕರುಳಿನಲ್ಲಿ ಇಳಿಯುತ್ತಾ ಹಾಗೆ ಅಂಟು ಕಪ್ಪಾಗುತ್ತದೆ. ಐರನ್ ತಿಂದರೆ ಅಂಟೂ ಇಲ್ಲ, ಆ ವಾಸನೆಯೂ ಇಲ್ಲ. ಈ ಒಂದು ವ್ಯತ್ಯಾಸ ಗೊತ್ತಿದ್ದಿದ್ದರೆ ನಾನು ಮೊದಲ ದಿನವೇ ಆಸ್ಪತ್ರೆಗೆ ಹೋಗುತ್ತಿದ್ದೆ.

ಆರು ದಿನ ತಡ ಮಾಡಿದೆ. ಏಳನೇ ದಿನ ಲೈನಿಂಗ್ ಬಟ್ಟೆ ಕತ್ತರಿಸುತ್ತಾ ನಿಂತವಳು ಹಾಗೇ ಬಿದ್ದೆ, ಕತ್ತರಿ ಕೈಯಲ್ಲೇ ಇತ್ತಂತೆ. ಹಿಮೋಗ್ಲೋಬಿನ್ 5.8. ಎರಡು ಬಾಟಲಿ ರಕ್ತ ಏರಿಸಿದರು. ಗಂಟಲಿಗೆ ಸ್ಪ್ರೇ ಹೊಡೆದು ಎಂಡೋಸ್ಕೋಪಿ ಮಾಡಿದಾಗ ಹೊಟ್ಟೆಯ ಕೆಳಭಾಗದಲ್ಲಿ ಹುಣ್ಣು ಸಿಕ್ಕಿತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಮಲ ಎಷ್ಟು ದಿನದಿಂದ ಹೀಗೆ ಹೋಗ್ತಿದೆ ಅಮ್ಮಾ?" ನಮ್ಮ ಯಜಮಾನರ ಮುಖ ನೋಡಲಾಗಲಿಲ್ಲ ನನಗೆ.

ಇನ್ನೊಂದು ವಿಷಯವೂ ಅವತ್ತೇ ತಿಳಿಯಿತು. ನೋವಿನ ಮಾತ್ರೆಯ ಜೊತೆ ಮಾಮೂಲಿ ಡೋಸಿನ ರಾನಿಟಿಡಿನ್ ತೆಗೆದುಕೊಂಡರೆ ಸಣ್ಣ ಕರುಳಿನ ಆರಂಭಕ್ಕೆ ಒಂದಿಷ್ಟು ರಕ್ಷಣೆ ಸಿಗುತ್ತದೆ, ಹೊಟ್ಟೆಗೆ ಸಿಗುವುದಿಲ್ಲ. ಅಂದರೆ ನಾನು ದುಡ್ಡು ಕೊಟ್ಟು ಕೊಂಡ ಧೈರ್ಯ ಹುಣ್ಣು ಇದ್ದ ಜಾಗಕ್ಕೆ ತಲುಪಿರಲೇ ಇಲ್ಲ. ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡಿದಾಗ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಕೂಡ ಇತ್ತು. ಹುಣ್ಣಿಗೆ ಈ ಹುಳವೇ ಕಾರಣ ಅಂತ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಹೇಳಿದಾಗ ಜನ ನಂಬಲಿಲ್ಲ, 1984ರಲ್ಲಿ ಅವರೇ ಅದನ್ನು ಕುಡಿದು ತೋರಿಸಿದರು. 2005ರಲ್ಲಿ ಅವರಿಗೂ ಜೊತೆಗಾರ ರಾಬಿನ್ ವಾರನ್ನರಿಗೂ ನೊಬೆಲ್ ಬಂತು. ನನಗೆ 14 ದಿನ ಎರಡು ಆಂಟಿಬಯೋಟಿಕ್ ಕೊಟ್ಟರು. ಬಾಯಿ ಇಡೀ ಹೊತ್ತು ತಾಮ್ರದ ಕಾಸು ಇಟ್ಟುಕೊಂಡ ಹಾಗೆ ಕಹಿ. ಒಂದು ಗುಳಿಗೆಯನ್ನೂ ಬಿಡಲಿಲ್ಲ.

ಪ್ಯಾಂಟೊಪ್ರಜೋಲ್ ನೀವಾಗಿಯೇ ಶುರು ಮಾಡಬೇಡಿ ಅನ್ನುವುದಕ್ಕೆ ಕಾರಣ ಇಲ್ಲಿದೆ. ಅದು ಬ್ಯಾಕ್ಟೀರಿಯಾವನ್ನು ಸಾಯಿಸದೆ ಅಡಗಿಸಿಡುತ್ತದೆ, ಪರೀಕ್ಷೆಯಲ್ಲಿ ಇಲ್ಲ ಅಂತ ಬರಬಹುದು. ಹುಣ್ಣು ಮಾಗಿದ ಮೇಲೆ ಹುಳ ಹೋಯಿತಾ ಅಂತ ನೋಡಲು ಎರಡು ವಾರ ಅದನ್ನು ನಿಲ್ಲಿಸಿಯೇ ಪರೀಕ್ಷೆ ಮಾಡಿದ್ದು. ಆ ಎರಡು ವಾರ ನನ್ನನ್ನು ಕಾಪಾಡಿದ್ದು ಫ್ಯಾಮೊಟಿಡಿನ್, ರಾನಿಟಿಡಿನ್ನಿನ ಜಾತಿಯದೇ. ಡಾಕ್ಟರೇ ಬರೆದುಕೊಟ್ಟಿದ್ದರು. ಹಾಗಾಗಿ ಈ ಮಾತ್ರೆಗಳ ಮೇಲೆ ನನಗೆ ಸಿಟ್ಟಿಲ್ಲ. ಏನಾಗಿದೆ ಅಂತ ಗೊತ್ತಿಲ್ಲದೆ ತಿಂಗಳುಗಟ್ಟಲೆ ನುಂಗುವುದಕ್ಕೆ ನನ್ನ ವಿರೋಧ.

ನಿಮ್ಮ ಇನ್ನೊಂದು ಪ್ರಶ್ನೆ: ರಾತ್ರಿ ಸೀನಿಗೆ ಸೆಟ್ರಿಜಿನ್ ತೆಗೆದುಕೊಳ್ಳುತ್ತೀರಿ, ಅದೂ ಹಿಸ್ಟಮಿನ್ ತಡೆಯುವುದೇ, ಒಂದರಲ್ಲೇ ಎರಡೂ ಆಗಲ್ವಾ ಅಂತ. ಆಗುವುದಿಲ್ಲ. ಹಿಸ್ಟಮಿನ್ ಅನ್ನುವ ದೇಹದ ರಾಸಾಯನಿಕ ಒಂದೇ, ಅದು ಹೋಗಿ ಕೂರುವ ಜಾಗ ಬೇರೆ ಬೇರೆ. ಮೂಗು, ಚರ್ಮದ ತುರಿಕೆಗೆ ಎಚ್1, ಹೊಟ್ಟೆಯ ಆಸಿಡ್‌ಗೆ ಎಚ್2, ರಾನಿಟಿಡಿನ್ ತಡೆಯುವುದು ಈ ಎಚ್2 ಅನ್ನೇ. ಹಳೆಯ ಅಲರ್ಜಿ ಮಾತ್ರೆಗಳಿಂದ ಆಸಿಡ್ ಕಡಿಮೆ ಆಗುತ್ತಿರಲಿಲ್ಲ. ಆ ಎರಡನೇ ಜಾಗವನ್ನು ತಡೆಯುವ ಔಷಧಿ ಹುಡುಕಿಯೇ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ತಂಡ ಸಿಮೆಟಿಡಿನ್ ಮಾಡಿದ್ದು, 1976ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂತು. ಸೆಟ್ರಿಜಿನ್ನನ್ನೂ ವರ್ಷಗಟ್ಟಲೆ ದಿನಾ ತಿನ್ನುತ್ತಿದ್ದರೆ ಡಾಕ್ಟರಿಗೆ ಹೇಳಿ. ಬಹಳ ಕಾಲ ತಿಂದು ನಿಲ್ಲಿಸಿದ ಕೆಲವರಿಗೆ ಮೈಯೆಲ್ಲಾ ವಿಪರೀತ ತುರಿಕೆ ಬರುತ್ತದೆ ಅಂತ 2025ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ.

ರಾನಿಟಿಡಿನ್ ಸ್ಟ್ರಿಪ್ ಬೈಕಿನ ಡಿಕ್ಕಿಯಲ್ಲಿ ಇಟ್ಟಿದ್ದೇನೆ ಅಂದಿರಲ್ಲ, ಅದನ್ನು ಬಿಸಾಡಿ. ಬಿಸಿಗೆ ಅದರಲ್ಲಿ ಎನ್‌ಡಿಎಂಎ ಅನ್ನುವ ಕ್ಯಾನ್ಸರ್ ತರಬಹುದಾದ ವಸ್ತು ಜಾಸ್ತಿ ಆಗುತ್ತದೆ. ಅದಕ್ಕೇ 2020ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಯಿಂದ ತೆಗೆಸಿದರು. ನಮ್ಮಲ್ಲಿ 2022ರಲ್ಲಿ ಅಗತ್ಯ ಔಷಧಿಗಳ ಪಟ್ಟಿಯಿಂದ ಕೈಬಿಟ್ಟರು.

ಡೈಕ್ಲೋಫೆನಾಕ್ ಇವತ್ತೇ ನಿಲ್ಲಿಸಿ. ಸೊಂಟಕ್ಕೆ ಬೇರೆ ಏನು ಅಂತ ಡಾಕ್ಟರನ್ನೇ ಕೇಳಿ. ಮಲ ಅಂಟು ಕಪ್ಪಾಗಿದ್ದರೆ, ಇಲ್ಲಾ ವಾಂತಿ ಕಾಫಿ ಪುಡಿಯ ಹಾಗೆ ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಎಮರ್ಜೆನ್ಸಿಗೆ ಹೋಗಿ, ಬೈಕು ನೀವು ಓಡಿಸಬೇಡಿ. ಹಿಮೋಗ್ಲೋಬಿನ್ ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ನೋಡುತ್ತಿರುತ್ತೇನೆ.