ಸಂಬಳ ಚೆನ್ನಾಗಿದ್ದರೂ, ಮನೆಗೆ ಸಮಯ ಸಿಗದಿದ್ದರೆ ಅಧ್ಯಾಪಕರಿಗೆ ವಿಶ್ವವಿದ್ಯಾಲಯದ ಮೇಲಿನ ಅಭಿಮಾನ ಯಾಕೆ ಕಡಿಮೆಯಾಗುತ್ತದೆ?

ಸಂಬಳಕ್ಕಾಗಿ ಉಳಿಯುವುದು ಬೇರೆ, ಇಷ್ಟಪಟ್ಟು ಉಳಿಯುವುದು ಬೇರೆ. ಸಂಸ್ಥೆಯ ಜೊತೆ ನೌಕರರ ನಂಟು ಮೂರು ಬಗೆ ಎಂದು ಸಂಶೋಧಕರಾದ ಮೇಯರ್ ಮತ್ತು ಅಲೆನ್ 1991ರಲ್ಲಿ ವಿವರಿಸಿದರು: ಇಷ್ಟ ಇದೆ ಎಂದು ಇರುವುದು, ಬಿಟ್ಟರೆ ನಷ್ಟ ಎಂದು ಇರುವುದು, ಇರುವುದು ನನ್ನ ಕರ್ತವ್ಯ ಎಂದು ಇರುವುದು. ಮನೆಯ ಸಮಯವನ್ನು ಕೆಲಸ ತಿಂದಾಗ ಮೊದಲು ಸವೆಯುವುದು ಆ ಇಷ್ಟ.

ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಕೇಳಲು ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ಪಾಠದ ತಯಾರಿ, ಉತ್ತರ ಪತ್ರಿಕೆ, ಸಂಶೋಧನಾ ವಿದ್ಯಾರ್ಥಿಗಳ ಬರಹ ತಿದ್ದುವುದು, ಸಂಸ್ಥೆಯ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಡಬೇಕಾದ ಕಡತ ಎಲ್ಲ ಅದರ ಹೊರಗೆ. ಕಲಬುರಗಿಯಲ್ಲಿ ಮನೆ ಮಾಡಿಕೊಂಡು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ದಿನಾ ಆಳಂದ ರಸ್ತೆ ಹಿಡಿಯುವವರಿಗೆ, ಇಲ್ಲಿನ ಬೇಸಿಗೆಯಲ್ಲಿ, ಆ ಓಡಾಟವೂ ಒಂದು ಕೆಲಸವೇ. ಮಗುವಿನ ಹೋಂವರ್ಕ್ ನೋಡುವ ಹೊತ್ತಿಗೆ ಲ್ಯಾಪ್‌ಟಾಪ್ ತೆರೆಯಬೇಕಾಗುತ್ತದೆ.

ಹಾಗಂತ ಯಾರೂ ಸುಮ್ನೆ ರಾಜೀನಾಮೆ ಕೊಡುವುದಿಲ್ಲ. ಪಾಠವೂ ನಡೆಯುತ್ತದೆ. ಆದರೆ ಕ್ಲಾಸ್ ಮುಗಿದ ಮೇಲೆ ಹಳ್ಳಿಯಿಂದ ಬಂದ ವಿದ್ಯಾರ್ಥಿಯ ಜೊತೆ ಹತ್ತು ನಿಮಿಷ ಜಾಸ್ತಿ ಕೂತು ಮಾತಾಡುವುದು ತಪ್ಪಿಹೋಗುತ್ತದೆ. ನನಗೆ ಅದೇ ದೊಡ್ಡ ನಷ್ಟ ಅನಿಸುತ್ತದೆ.