ಲಿಬ್ರೆಆಫೀಸ್ ಕ್ರ್ಯಾಶ್ ಆದರೆ ದೂರು ಕೊಡುವುದು ಹೇಗೆ?

ಒಂದು ಫೈಲ್ ತೆರೆದ ಕೂಡಲೇ ಲಿಬ್ರೆಆಫೀಸ್‌ನ ಬರವಣಿಗೆ ತಂತ್ರಾಂಶ ರೈಟರ್ ತಾನಾಗಿ ಮುಚ್ಚಿಕೊಳ್ಳುತ್ತದೆ, ಯಾರಿಗೆ ಹೇಳಲಿ ಎಂದು ಕೇಳಿದ್ದೀರಿ.

ಮೊದಲು ಹೆಲ್ಪ್ ಮೆನುವಿನಿಂದ ಸೇಫ್ ಮೋಡ್‌ನಲ್ಲಿ (ನಿಮ್ಮ ಸೆಟ್ಟಿಂಗ್‌ಗಳನ್ನು ಬಿಟ್ಟು ತೆರೆಯುವ ವಿಧಾನ) ಶುರು ಮಾಡಿ. ಅಲ್ಲಿ ಸರಿಯಾಗಿ ತೆರೆದರೆ, ತೊಂದರೆ ಹೆಚ್ಚಾಗಿ ನಿಮ್ಮ ಯೂಸರ್ ಪ್ರೊಫೈಲ್‌ನದ್ದು (ಸೆಟ್ಟಿಂಗ್‌ಗಳನ್ನು ಉಳಿಸಿಡುವ ಜಾಗ) ಅಥವಾ ನೀವು ಸೇರಿಸಿಕೊಂಡ ಯಾವುದೋ ಎಕ್ಸ್‌ಟೆನ್ಶನ್‌ನದ್ದು. ಅಲ್ಲೂ ಕ್ರ್ಯಾಶ್ ಆದರೆ, ಲಿಬ್ರೆಆಫೀಸ್ ನೋಡಿಕೊಳ್ಳುವ ಸಂಸ್ಥೆ ಡಾಕ್ಯುಮೆಂಟ್ ಫೌಂಡೇಶನ್‌ನ ಬಗ್‌ಜಿಲ್ಲಾದಲ್ಲಿ (ದೋಷಗಳ ದೂರು ದಾಖಲಿಸುವ ಜಾಲತಾಣ) ಹುಡುಕಿ. ಅದೇ ದೂರು ಆಗಲೇ ಇರಬಹುದು. ಇಲ್ಲದಿದ್ದರೆ ಹೊಸದು ಬರೆಯಿರಿ.

‘ಸುಮ್ನೆ ಕ್ರ್ಯಾಶ್ ಆಗುತ್ತೆ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಏನು ಒತ್ತಿದಿರಿ, ಆಮೇಲೆ ಏನಾಯ್ತು ಅನ್ನುವುದನ್ನು ಹಂತ ಹಂತವಾಗಿ ಬರೆಯಿರಿ. ಅಬೌಟ್ ಕಿಟಕಿಯಲ್ಲಿರುವ ಆವೃತ್ತಿಯ ವಿವರವನ್ನು ಹಾಗೇ ಅಂಟಿಸಿ. ಕ್ರ್ಯಾಶ್ ಮಾಡುವ ಫೈಲನ್ನೂ ಸೇರಿಸಿ. ಅಲ್ಲಿ ಹಾಕಿದ ಫೈಲ್ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಹೆಸರು, ಫೋನ್ ನಂಬರ್ ತೆಗೆದ ಪ್ರತಿಯನ್ನೇ ಹಾಕಿ. ಆ ಪ್ರತಿಯನ್ನು ತೆರೆದಾಗಲೂ ಕ್ರ್ಯಾಶ್ ಆಗುತ್ತದೆಯೇ ಎಂದು ನೋಡಿಕೊಳ್ಳಿ, ಇದನ್ನು ಮರೆಯುವವರೇ ಜಾಸ್ತಿ!

ದೂರು ಮೊದಲು ‘ಅನ್‌ಕನ್ಫರ್ಮ್ಡ್’ ಆಗಿರುತ್ತದೆ. ಬೇರೊಬ್ಬರು ತಮ್ಮ ಯಂತ್ರದಲ್ಲಿ ಅದನ್ನೇ ಕಂಡರೆ ‘ನ್ಯೂ’ ಆಗುತ್ತದೆ. ಹೆಸರು ವಿಚಿತ್ರ, ಅಲ್ವಾ? ಅರ್ಥ ಮಾತ್ರ ‘ಖಚಿತವಾಯಿತು’ ಎಂದು. ‘ನೀಡ್‌ಇನ್ಫೋ’ ಎಂದು ಬಂದರೆ ನಿಮ್ಮಿಂದ ಮಾಹಿತಿ ಬೇಕಾಗಿದೆ, ಬೇಗ ಉತ್ತರಿಸಿ.